ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ ಮೊದಲು ಕಿವಿಗೊಡಿ

'ಗೀಸರ್ ಹತ್ತುತ್ತಿಲ್ಲ, ಏನು ಮಾಡಲಿ?' ನನಗೆ ಬರುವ ಗೀಸರ್ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇಷ್ಟೇ ಇರುತ್ತವೆ. ಇಷ್ಟರಿಂದ ಯಾರೂ ಏನೂ ಹೇಳಲಾರರು. ನಲ್ಲಿ ತಿರುಗಿಸಿದಾಗ ಟಿಕ್ ಟಿಕ್ ಸದ್ದೇ ಬರುವುದಿಲ್ಲವೋ, ಸದ್ದು ಬಂದರೂ ಉರಿ ಬರುವುದಿಲ್ಲವೋ, ಉರಿ ಬಂದು ಆರಿಹೋಗುತ್ತದೋ? ಮೂರೂ ಬೇರೆ ಬೇರೆ ರೋಗ, ಮದ್ದೂ ಬೇರೆ. ದಯವಿಟ್ಟು ಅದನ್ನು ಬರೆಯಿರಿ. ಇಲ್ಲಿನ ಉತ್ತರಗಳು ಎರಡು ಸೆಲ್ ಹಾಕುವ, ನೀರು ಹರಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ಇನ್‌ಸ್ಟಂಟ್ ಗೀಸರಿಗೆ.

ಹೊಸ ಸೆಲ್ ಹಾಕಿದ್ದೇನೆ, ಸಿಲಿಂಡರ್ ತುಂಬಿದೆ, ಒಲೆ ಚೆನ್ನಾಗಿ ಉರಿಯುತ್ತದೆ. ಆದರೂ ಗೀಸರ್ ಒಂದು ದಿನ ಹತ್ತಿದರೆ ಎರಡು ದಿನ ಹತ್ತುವುದಿಲ್ಲ. ಹತ್ತದಿದ್ದಾಗ ಟಿಕ್ ಟಿಕ್ ಸದ್ದೂ ಇಲ್ಲ. ರಿಪೇರಿಯವರು ಕಂಟ್ರೋಲ್ ಬಾಕ್ಸ್ ಹೋಗಿದೆ ಎನ್ನುತ್ತಾರೆ. ಬದಲಿಸಲೇ?

ಈಗಲೇ ಬೇಡ. ಸದ್ದೇ ಇಲ್ಲವೆಂದರೆ ನಿಮ್ಮ ಗೀಸರ್ ಇನ್ನೂ ಗ್ಯಾಸಿನ ತಂಟೆಗೇ ಹೋಗಿಲ್ಲ. ಈ ಯಂತ್ರದಲ್ಲಿ ಕೆಲಸ ಶುರು ಮಾಡುವುದು ನೀರು. ಒಳಬರುವ ನೀರು ವಾಟರ್ ವಾಲ್ವಿನೊಳಗಿನ ಡಯಾಫ್ರಾಂ ಎಂಬ ತೆಳು ರಬ್ಬರ್ ಹಾಳೆಯನ್ನು ಒತ್ತುತ್ತದೆ, ಅದು ಒಂದು ಸಣ್ಣ ಕಡ್ಡಿಯನ್ನು ಸರಿಸುತ್ತದೆ, ಕಡ್ಡಿ ಸರಿದಾಗ ಮೈಕ್ರೋಸ್ವಿಚ್ ಬದಲಾಗುತ್ತದೆ. ಆಮೇಲಷ್ಟೇ ಕಂಟ್ರೋಲ್ ಬಾಕ್ಸ್ ಎಚ್ಚರವಾಗಿ ಕಿಡಿ ಹಾರಿಸುವುದು, ಗ್ಯಾಸಿನ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ತೆರೆಯುವುದು. ನೀರಿನ ಒತ್ತಡ ಸಾಲದಿದ್ದರೆ ಎಂಥ ಹೊಸ ಬಾಕ್ಸ್ ಹಾಕಿದರೂ ಅದು ಸುಮ್ಮನೆ ಕೂತಿರುತ್ತದೆ. 'ಕೆಲವೊಮ್ಮೆ ಹತ್ತುತ್ತದೆ' ಎಂಬ ನಿಮ್ಮ ಮಾತೇ ನೀರಿನ ಕಡೆ ಬೆರಳು ತೋರಿಸುತ್ತಿದೆ. ಟ್ಯಾಂಕ್ ತುಂಬಿದ್ದಾಗ ಹತ್ತಿ, ಅರ್ಧಕ್ಕಿಳಿದಾಗ ಹತ್ತುವುದಿಲ್ಲವೇ ನೋಡಿ. ಬೇರೆ ನಲ್ಲಿ ಬಿಟ್ಟಾಗ ಕೈಕೊಡುತ್ತದೆಯೇ, ಅದನ್ನೂ ಗಮನಿಸಿ.

ಬಕೆಟ್ ಇಟ್ಟು ಅಳೆಯಿರಿ. ಶವರ್ ಬಿಚ್ಚಿ, ಗೀಸರಿನ ಬಿಸಿನೀರಿನ ಪೈಪಿನಿಂದ ನೇರವಾಗಿ 10 ಲೀಟರ್ ಬಕೆಟ್ ತುಂಬಿಸಿ. ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಹರಿವು ನಿಮಿಷಕ್ಕೆ ಎರಡೂವರೆ ಲೀಟರಿಗಿಂತ ಕಡಿಮೆ, ಬಹುತೇಕ ಗೀಸರುಗಳು ಅಷ್ಟಕ್ಕೆ ಏಳುವುದಿಲ್ಲ. ಬರಿಯ ಪೈಪಿನಲ್ಲಿ ಚೆನ್ನಾಗಿ ಬಂದು, ಶವರ್ ಹಾಕಿದ ಮೇಲೆ ಹತ್ತದಿದ್ದರೆ ತಪ್ಪು ಶವರಿನ ಮುಚ್ಚಿದ ತೂತುಗಳದ್ದು.

ಹರಿವು ಕಡಿಮೆಯಿದ್ದರೆ ನೀರಿನ ವಾಲ್ವ್ ಮುಚ್ಚಿ, ತಣ್ಣೀರು ಒಳಹೋಗುವ ನಟ್ ಬಿಚ್ಚಿ. ಅಲ್ಲೊಂದು ಸಣ್ಣ ಜಾಲರಿ ಇರುತ್ತದೆ. ಟ್ಯಾಂಕಿನ ಕೆಸರು, ಪೈಪಿನ ತುಕ್ಕು, ಟೆಫ್ಲಾನ್ ಟೇಪಿನ ಚೂರು ಎಲ್ಲ ಬಂದು ಸೇರುವುದು ಅಲ್ಲೇ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಸುಣ್ಣ ಕಟ್ಟಿದ್ದರೆ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿ. ಚುಚ್ಚಿ ಹರಿಯಬೇಡಿ, ಜಾಲರಿಯನ್ನು ಎಸೆಯಲೂಬೇಡಿ. ಎಸೆದರೆ ಆ ಕಸವೆಲ್ಲ ಡಯಾಫ್ರಾಮಿಗೆ ಹೋಗುತ್ತದೆ.

ಜಾಲರಿ ಸ್ವಚ್ಛವಾಗಿದ್ದೂ ನೀರು ಬರದಿದ್ದರೆ ಟ್ಯಾಂಕಿನ ಎತ್ತರ ಸಾಲದು. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಶವರಿಗಿಂತ ಎರಡು ಮೀಟರ್ ಮೇಲಿರುವ ಟ್ಯಾಂಕ್ ಕೊಡುವುದು 0.2 ಬಾರ್ ಮಾತ್ರ. ಅದರಲ್ಲೂ ಅರ್ಧ ಇಂಚಿನ ಪೈಪು, ಐದಾರು ಎಲ್ಬೋಗಳು ತಮ್ಮ ಪಾಲು ನುಂಗುತ್ತವೆ. ಟ್ಯಾಂಕ್ ಏರಿಸಿ, ಇಲ್ಲವೇ ಮುಕ್ಕಾಲು ಇಂಚಿನ ಪೈಪು ಎಳೆಸಿ. ಎರಡೂ ಆಗದಿದ್ದರೆ 1 ಬಾರ್ ಆಸುಪಾಸಿನ ಸಣ್ಣ ಪ್ರೆಷರ್ ಪಂಪು ಸಾಕು.

ಹರಿವು ಸರಿಯಿದ್ದೂ ಸದ್ದಿಲ್ಲವೇ? ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಗೀಸರಿನ ಮುಂಭಾಗದ ಕವರ್ ತೆಗೆದು, ನಲ್ಲಿ ಬಿಟ್ಟು ಆ ಕಡ್ಡಿಯನ್ನೇ ನೋಡಿ. ಕಡ್ಡಿ ಕೆಲವು ಮಿಲಿಮೀಟರ್ ಸರಿದು ಸ್ವಿಚ್ ಸಣ್ಣಗೆ 'ಟಕ್' ಎಂದಿತೋ? ಹಾಗಾದರೆ ನೀರಿನ ಭಾಗ ಸರಿಯಿದೆ. ಸೆಲ್ ಕೂರುವ ಪೆಟ್ಟಿಗೆಯ ಸ್ಪ್ರಿಂಗಿನಲ್ಲಿ ಹಸಿರು ಕಿಲುಬು ಇದೆಯೇ, ಮೈಕ್ರೋಸ್ವಿಚ್ಚಿನ ವೈರ್ ಕಳಚಿದೆಯೇ ನೋಡಿ. ಕಂಟ್ರೋಲ್ ಬಾಕ್ಸಿನ ಮಾತು ಆಮೇಲೆ. ಕಡ್ಡಿ ಅಲುಗಲೇ ಇಲ್ಲವೋ? ಡಯಾಫ್ರಾಂ ಹರಿದಿರಬೇಕು, ಇಲ್ಲವೇ ಕಡ್ಡಿಗೆ ಸುಣ್ಣ ಹಿಡಿದಿರಬೇಕು. ಡಯಾಫ್ರಾಮನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಇದ್ದರೆ ಬದಲಿಸಿ, ಅಂಟು ಹಚ್ಚಬೇಡಿ. ಕಡ್ಡಿಗೆ ಸಿಲಿಕೋನ್ ಗ್ರೀಸ್ ಮಾತ್ರ. ವಾಹನದ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಕೆಡುತ್ತದೆ. ವಾಲ್ವಿನ ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಕಡ್ಡಿಯ ಸುತ್ತಲಿನ ಸೀಲ್ ಸವೆದಿದೆ.

ಇನ್ನು 'ಒಲೆ ಉರಿಯುತ್ತದೆ, ಹಾಗಾಗಿ ಗ್ಯಾಸಿದೆ' ಎಂಬ ವಾದ. ನಿಮಿಷಕ್ಕೆ ಆರು ಲೀಟರ್ ಕಾಯಿಸುವ ಗೀಸರ್ ಒಂದು ಒಲೆಯ ಬರ್ನರಿಗಿಂತ ನಾಲ್ಕೈದು ಪಟ್ಟು ಗ್ಯಾಸ್ ಎಳೆಯುತ್ತದೆ. ತಳ ಕಂಡ ಸಿಲಿಂಡರಿನಲ್ಲಿ ಒಲೆ ಉರಿದೀತು, ಗೀಸರ್ ನಿಲ್ಲದು. ನಿಮ್ಮ ಸಿಲಿಂಡರ್ ತುಂಬಿರುವುದರಿಂದ ಈ ಮಾತು ನಿಮಗಲ್ಲ, ಇದೇ ವಾದ ಹೂಡುವ ಉಳಿದವರಿಗೆ.

ಟಿಕ್ ಟಿಕ್ ಅನ್ನುತ್ತದೆ, ಉರಿ ಬರುವುದಿಲ್ಲ.

ಸೆಲ್ ಬದಲಿಸಿ. ಕಿಡಿ ಹಾರಿಸುವಷ್ಟು ಶಕ್ತಿ ಉಳಿದ ಸೆಲ್ಲಿಗೆ ಸೊಲೆನಾಯ್ಡ್ ಎಳೆಯುವ ಶಕ್ತಿ ಇರದೆ ಹೋಗಬಹುದು. ಎರಡನ್ನೂ ಒಟ್ಟಿಗೆ ಬದಲಿಸಿ, ಆಲ್ಕಲೈನ್ ಹಾಕಿ. ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಇರುತ್ತದೆ. ನಲ್ಲಿ ಮುಚ್ಚಿ, ಒಂದು ನಿಮಿಷ ಬಿಟ್ಟು ಮತ್ತೆ ತೆರೆಯಿರಿ. ಗ್ಯಾಸಿನ ವಾಸನೆ ಬಂದರೆ ಪ್ರಯತ್ನ ಅಲ್ಲಿಗೇ ನಿಲ್ಲಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಕೂರುತ್ತದೆ. ಫ್ಯಾನ್, ದೀಪ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ.

ಹತ್ತಿ ಐದಾರು ಸೆಕೆಂಡಿಗೆ ಆರಿಹೋಗುತ್ತದೆ. ಸೆನ್ಸರ್ ತೆಗೆಸಿದರೆ ಸರಿಹೋಗುತ್ತದೆಂದು ಒಬ್ಬರು ಹೇಳಿದರು.

ಹಾಗೆ ಹೇಳಿದವರನ್ನು ಮನೆಯೊಳಗೆ ಬಿಡಬೇಡಿ. ಉರಿ ಇಲ್ಲದಾಗ ಗ್ಯಾಸ್ ನಿಲ್ಲಿಸಲು ಇರುವುದು ಬರ್ನರಿನ ಉರಿಗೆ ತಾಗುವ ಆ ಸೆನ್ಸರ್ ಕಡ್ಡಿ ಒಂದೇ. ಗ್ಯಾಸ್ ಮುಚ್ಚಿ, ತಣಿದ ಮೇಲೆ ಅದರ ಮೇಲಿನ ಮಸಿಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ತುದಿ ಉರಿಯೊಳಗೇ ಇರುವಂತೆ ಕೂರಿಸಿ. ಆ ಕಡ್ಡಿಯನ್ನು ಹಿಡಿದಿರುವ ಪಿಂಗಾಣಿ ಸೀಳಿದ್ದರೆ ಹೊಸದು ಹಾಕಿಸಿ.

ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುತ್ತದೆ.

ಹಲವು ಮಾಡೆಲುಗಳಲ್ಲಿ ಅದು ಟೈಮರ್, ದೋಷವಲ್ಲ. ಬೇಗ ಸ್ನಾನ ಮುಗಿಸಿ.

ಬೆಂಕಿಕಡ್ಡಿ ಗೀರಿ ಹತ್ತಿಸಬಹುದೇ?

ಕೂಡದು.

ಹತ್ತುವಾಗ 'ಢಬ್' ಎನ್ನುತ್ತದೆ, ಉರಿ ಹಳದಿ. ಗೀಸರ್ ಬಚ್ಚಲುಮನೆಯ ಒಳಗೇ ಇದೆ.

ಇವತ್ತಿನಿಂದಲೇ ಬಳಸುವುದನ್ನು ನಿಲ್ಲಿಸಿ. ಢಬ್ ಎನ್ನುವುದು ಕಿಡಿ ತಡವಾಗಿ, ಅಷ್ಟರಲ್ಲಿ ಗ್ಯಾಸ್ ತುಂಬಿಕೊಂಡಿದ್ದರಿಂದ. ಹಳದಿ ಉರಿಯೆಂದರೆ ಗ್ಯಾಸ್ ಪೂರ್ತಿ ಸುಡುತ್ತಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಬಚ್ಚಲಲ್ಲಿ ತಲೆಸುತ್ತು ಬರುವ ಹೊತ್ತಿಗೆ ಬಾಗಿಲು ತೆರೆಯುವ ತ್ರಾಣವೂ ಇರುವುದಿಲ್ಲ. ಗೀಸರನ್ನು ಹೊರಗೋಡೆಗೆ ಸ್ಥಳಾಂತರಿಸಿ, ಬರ್ನರ್ ಮತ್ತು ನಾಝಲ್ ಸ್ವಚ್ಛ ಮಾಡಿಸಿ. ಉರಿ ಪೂರ್ತಿ ನೀಲಿಯಾಗುವವರೆಗೆ ಅದರ ನೀರಲ್ಲಿ ಯಾರೂ ಸ್ನಾನ ಮಾಡುವುದು ಬೇಡ.