ಸಿಕ್ಸ್ ರೆಡ್ ಸ್ನೂಕರ್ ಬರೀ ಅದೃಷ್ಟದ ಆಟವಾ?

ಸಿಕ್ಸ್ ರೆಡ್ ಬರೀ ಅದೃಷ್ಟದ ಆಟ ಅಂತ ಯಾರೋ ನಿಮಗೆ ಹೇಳಿದ್ದಾರೆ. ಅದಕ್ಕೇ ನೀವು ಕೇಳಿದ್ದು ಎರಡು ವಿಷಯ. ಥಾಯ್ಲೆಂಡ್‌ನ ಸಿಕ್ಸ್ ರೆಡ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರನ್ನು ನಿಜವಾದ ಚಾಂಪಿಯನ್ ಅನ್ನಬಹುದಾ? ತುಮಕೂರಿನಲ್ಲಿ ಈಗಷ್ಟೇ ಕಲಿಯುತ್ತಿರುವ ನೀವು ಇದನ್ನೇ ಆಡುತ್ತಾ ಹೋದರೆ ಆಟ ಕೆಡುತ್ತದಾ? ಧಾರಾಳವಾಗಿ ಅನ್ನಬಹುದು. ಆಟವೂ ಕೆಡುವುದಿಲ್ಲ.

ಸಿಕ್ಸ್ ರೆಡ್‌ಗೂ ಮಾಮೂಲಿ ಸ್ನೂಕರ್‌ನ, ಅಂದರೆ ಫುಲ್ ಸ್ನೂಕರ್‌ನ, ಅದೇ 12 ಅಡಿಯ ಟೇಬಲ್, ಪಾಕೆಟ್ ಅವೇ, ಬಣ್ಣದ ಚೆಂಡುಗಳೂ ಅವೇ ಆರು. 15 ರೆಡ್ ಇರುವ ಕಡೆ 6 ಇರುತ್ತವೆ, ಅಷ್ಟೇ. ಆದರೆ ಆ ಒಂದು ಬದಲಾವಣೆಯಿಂದ ಲೆಕ್ಕವೆಲ್ಲ ತಿರುಗಿಬಿಡುತ್ತದೆ. ಫುಲ್ ಸ್ನೂಕರ್‌ನಲ್ಲಿ ಒಂದೇ ಸರದಿಯಲ್ಲಿ ಫ್ರೇಮ್ (ಒಂದು ಸುತ್ತಿನ ಆಟ) ಗೆಲ್ಲಬೇಕೆಂದರೆ, ಪ್ರತಿ ರೆಡ್ ಆದ ಮೇಲೂ ಬ್ಲ್ಯಾಕ್ ಪಾಕೆಟ್‌ಗೆ ಹಾಕಿದರೂ (ರೆಡ್‌ಗೆ 1, ಬ್ಲ್ಯಾಕ್‌ಗೆ 7 ಅಂಕ) 10 ರೆಡ್ ಬೇಕು. ಆಗ 80 ಅಂಕ ನಿಮ್ಮದು, ಟೇಬಲ್ ಮೇಲೆ ಉಳಿಯುವುದು 67. ಸಿಕ್ಸ್ ರೆಡ್‌ನಲ್ಲಿ 5 ರೆಡ್, 5 ಬ್ಲ್ಯಾಕ್ ಸಾಕು. ನಿಮಗೆ 40 ಬಂತು, ಉಳಿದದ್ದು 35. ಎದುರಾಳಿ ಕುರ್ಚಿ ಬಿಟ್ಟು ಏಳುವ ಮೊದಲೇ ಫ್ರೇಮ್ ಕೈತಪ್ಪಿರುತ್ತದೆ.

ಹಾಗಾಗಿ ಇಲ್ಲಿ ಮೊದಲ ಅವಕಾಶಕ್ಕೆ ಬೆಲೆ ಜಾಸ್ತಿ. ಕೋಲಿನಿಂದ ಹೊಡೆಯುವ ವೈಟ್ ಬಾಲನ್ನು ಬಚ್ಚಿಡೋಣ ಅಂದರೆ ರೆಡ್‌ಗಳ ದೊಡ್ಡ ಗುಂಪೂ ಇರುವುದಿಲ್ಲ. ಒಂದು ಸೇಫ್ಟಿ (ಎದುರಾಳಿಗೆ ಅವಕಾಶ ಸಿಗದಂತೆ ಆಡುವ ಹೊಡೆತ) ಎರಡು ಇಂಚು ಆಚೀಚೆ ಆದರೂ ಎದುರಿನವನಿಗೆ ರೆಡ್ ಕಾಣುತ್ತದೆ. ಇದನ್ನು ಸುಲಭದ ಆಟ ಅನ್ನುವವರು ಒಳ್ಳೆಯ ಆಟಗಾರರ ಎದುರು ಒಂದು ಸಂಜೆ ಆಡಿ ನೋಡಬೇಕು.

ಇನ್ನು ಅದೃಷ್ಟದ ಮಾತು. ಒಂದು ಫ್ರೇಮ್‌ನಲ್ಲಿ ಫ್ಲೂಕ್ ಆಗಿ, ಅಂದರೆ ಅಂದುಕೊಳ್ಳದೆಯೇ, ಚೆಂಡು ಬೀಳಬಹುದು, ನಿಜ. ಆದರೆ ಥಾಯ್ಲೆಂಡ್‌ನ ಆ ಟೂರ್ನಿಯ ಫೈನಲ್ ಗೆಲ್ಲಲು 8 ಫ್ರೇಮ್ ಬೇಕಿತ್ತು. 2014ರಲ್ಲಿ ಸ್ಟೀಫನ್ ಮಗ್ವಾಯರ್, 2016ರಲ್ಲಿ ಡಿಂಗ್ ಜುನ್‌ಹುಯಿ ಇಬ್ಬರೂ 8-7ರಲ್ಲಿ ಗೆದ್ದವರು. 2017ರಲ್ಲಿ ಗೆದ್ದ ಮಾರ್ಕ್ ವಿಲಿಯಮ್ಸ್ ಮರುವರ್ಷವೇ ಫುಲ್ ಸ್ನೂಕರ್‌ನ ವಿಶ್ವ ಚಾಂಪಿಯನ್ ಆದರು. 2018ರಲ್ಲಿ ಗೆದ್ದ ಕೈರನ್ ವಿಲ್ಸನ್ 2024ರಲ್ಲಿ ಆ ಪಟ್ಟ ಗೆದ್ದರು. ಇಂಥವರೆಲ್ಲ ಸುಮ್ನೆ ಅದೃಷ್ಟದಿಂದ ಗೆದ್ದರು ಅಂದರೆ ನಾನು ಒಪ್ಪುವುದಿಲ್ಲ.

ನಿಮಗೆ ಹೇಳಿದವರ ಮಾತಿನಲ್ಲೂ ಒಂದಿಷ್ಟು ಸತ್ಯ ಇದೆ. ಮಾರ್ಕ್ ಡೇವಿಸ್ 2012 ಮತ್ತು 2013, ಎರಡು ವರ್ಷ ಸಾಲಾಗಿ ಸಿಕ್ಸ್ ರೆಡ್ ಪಟ್ಟ ಗೆದ್ದರು. ಆದರೆ ರ‍್ಯಾಂಕಿಂಗ್ ಟೂರ್ನಿ (ವೃತ್ತಿಪರ ಆಟಗಾರರ ಶ್ರೇಯಾಂಕಕ್ಕೆ ಲೆಕ್ಕವಾಗುವ ಟೂರ್ನಿ) ಒಂದನ್ನೂ ಗೆದ್ದಿಲ್ಲ. ಥಾಯ್ಲೆಂಡ್‌ನ ಈ ಟೂರ್ನಿಗೆ ರ‍್ಯಾಂಕಿಂಗ್ ಅಂಕವೂ ಇರಲಿಲ್ಲ. ನನ್ನ ಪ್ರಕಾರ ಡೇವಿಸ್ ಅವರ ಗೆಲುವು ಇದು ಬೇರೆಯದೇ ಒಂದು ಕೌಶಲ ಕೇಳುವ ಆಟ ಅನ್ನುವುದಕ್ಕೆ ಸಾಕ್ಷಿ. ಅದೃಷ್ಟ ಮೇಲಿಂದ ಮೇಲೆ ಎರಡು ವರ್ಷ ಒಬ್ಬರನ್ನೇ ಹುಡುಕಿಕೊಂಡು ಬರುವುದಿಲ್ಲ, ಅಲ್ವಾ?

ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಅವರನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಐಬಿಎಸ್ಎಫ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಬೇರೆಯದೇ ಸಿಕ್ಸ್ ರೆಡ್ ವಿಶ್ವ ಟೂರ್ನಿ ನಡೆಸುತ್ತದೆ. 2014ರಲ್ಲಿ ಈಜಿಪ್ಟ್‌ನ ಶರ್ಮ್ ಅಲ್ ಶೇಖ್‌ನಲ್ಲಿ, 2015ರಲ್ಲಿ ಕರಾಚಿಯಲ್ಲಿ ಅದನ್ನು ಗೆದ್ದವರು ಅಡ್ವಾಣಿ. ಕರಾಚಿಯ ಫೈನಲ್‌ನಲ್ಲಿ ಎದುರಿಗಿದ್ದದ್ದು ಚೀನಾದ ಯಾನ್ ಬಿಂಗ್‌ಟಾವ್. ಆ ಹುಡುಗ ಅದಕ್ಕೂ ಹಿಂದಿನ ವರ್ಷ 14ನೇ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ಫುಲ್ ಸ್ನೂಕರ್‌ನ ಅಮೆಚೂರ್ ವಿಶ್ವ ಪಟ್ಟವನ್ನೇ ಎತ್ತಿಕೊಂಡು ಹೋಗಿದ್ದ. ಅಂಥವನನ್ನು ಕರಾಚಿಯಲ್ಲಿ ಸೋಲಿಸಿದ ಸುದ್ದಿ ಓದಿದಾಗ ಆದ ಖುಷಿ ನನಗಿನ್ನೂ ಹಾಗೇ ಇದೆ.

ಈಗ ನಮ್ಮೂರಿನ ವಿಷಯ. ಬಿ.ಎಚ್. ರಸ್ತೆಯ ಕಡೆ ಸಂಜೆ ಹೊತ್ತು ಪಾರ್ಲರ್‌ಗೆ ಹೋದರೆ ಕಾಲೇಜು ಹುಡುಗರೇ ತುಂಬಿರುತ್ತಾರೆ. ಟೇಬಲ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು. ಹೊಸಬರು ಫುಲ್ ಫ್ರೇಮ್ ಆಡಿದರೆ ಇಡೀ ಗಂಟೆ ಅದರಲ್ಲೇ ಹೋಗುತ್ತದೆ, ಅರ್ಧ ಹೊತ್ತು ರೆಡ್‌ಗಳ ಗುಂಪಿಗೆ ಸುಮ್ಮನೆ ಗುದ್ದುವುದೇ ಆಗುತ್ತದೆ. ಬಣ್ಣದ ಚೆಂಡುಗಳ ತನಕ ಬರುವಷ್ಟರಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರ್ ಬಂದು ಟೈಮ್ ಆಯ್ತು ಅನ್ನುತ್ತಾನೆ. ಸಿಕ್ಸ್ ರೆಡ್‌ನಲ್ಲಿ ಅದೇ ದುಡ್ಡಿಗೆ ಪ್ರತಿ ಫ್ರೇಮ್‌ನಲ್ಲೂ ಕೊನೆಯ ಘಟ್ಟ ಆಡಲು ಸಿಗುತ್ತದೆ. ಕಲಿಯುವವರಿಗೆ ಇದೇ ದೊಡ್ಡ ಲಾಭ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಯಾಕೆಂದರೆ ಹಳದಿಯಿಂದ ಬ್ಲ್ಯಾಕ್‌ವರೆಗಿನ ಆ ಆರು ಚೆಂಡುಗಳಿಗೆ 27 ಅಂಕ. ಫುಲ್ ಸ್ನೂಕರ್‌ನ 147ರಲ್ಲಿ ಅದು ಐದರಲ್ಲಿ ಒಂದು ಪಾಲೂ ಅಲ್ಲ. ಸಿಕ್ಸ್ ರೆಡ್‌ನ ಗರಿಷ್ಠ 75ರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಅದಕ್ಕೇ ಅಭ್ಯಾಸವನ್ನು ಅಲ್ಲಿಂದಲೇ ಶುರು ಮಾಡಿ. ರೆಡ್ ಒಂದೂ ಇಡಬೇಡಿ. ಬಣ್ಣದ ಚೆಂಡುಗಳನ್ನು ಅವುಗಳ ಜಾಗದಲ್ಲಿಟ್ಟು ಹಳದಿ, ಹಸಿರು, ಕಂದು, ನೀಲಿ, ಪಿಂಕ್, ಬ್ಲ್ಯಾಕ್ ಅಂತ ಕ್ರಮವಾಗಿ ಹಾಕಿ. ಒಂದು ತಪ್ಪಿದರೆ ಮತ್ತೆ ಹಳದಿಯಿಂದ. ಕಂದು ಹಾಕಿದ ಮೇಲೆ ವೈಟ್ ನೀಲಿಯ ಯಾವ ಮಗ್ಗುಲಿಗೆ ಬಂದು ನಿಂತಿತು ಅಂತ ಗಮನಿಸಿ. ಪಿಂಕ್‌ಗೆ ಪೊಸಿಷನ್ (ಮುಂದಿನ ಹೊಡೆತಕ್ಕೆ ವೈಟ್ ನಿಲ್ಲಬೇಕಾದ ಜಾಗ) ಸಿಗುವುದೂ ತಪ್ಪುವುದೂ ಜಾಸ್ತಿ ಅಲ್ಲೇ.