ಟೈಲ್ಸ್ ಕೀಳಿಸುವ ಮೊದಲು ನೀರು ಎಲ್ಲಿ ನಿಲ್ಲುತ್ತದೆ ನೋಡಿ

ಹಿತ್ತಲಿನ ಈಜುಕೊಳದಲ್ಲಿ ವಾರಕ್ಕೆ ಮೂರು ಇಂಚು ನೀರು ಇಳಿಯುತ್ತಿದೆ, ಎಲ್ಲೂ ಬಿರುಕು ಕಾಣುತ್ತಿಲ್ಲ, ಟೈಲ್ಸ್ ಎಲ್ಲ ಕೀಳಿಸಿ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ನಾನು ಅದೇ ಅವಸರ ಮಾಡಿದ್ದೆ. ಪೂಲ್ ಖಾಲಿ ಮಾಡಿ ಟೈಲ್ಸ್ ಸಂದಿಗೆಲ್ಲ ಹೊಸ ಗ್ರೌಟ್ ತುಂಬಿಸಿದೆ. ಮತ್ತೆ ನೀರು ಬಿಟ್ಟ ಮೇಲೆ ಹಿಂದೆ ಎಷ್ಟು ಇಳಿಯುತ್ತಿತ್ತೋ ಅಷ್ಟೇ ಇಳಿಯಿತು. ಸೋರುತ್ತಿದ್ದ ಜಾಗವೇ ಬೇರೆ ಇತ್ತು.

ಮೊದಲು ಅದು ಸೋರಿಕೆಯೋ, ಬರೀ ಆವಿಯೋ ಅಂತ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 1 ಸೆಂ.ಮೀ. ಹೋಗುತ್ತಿದೆ. ಸಾಮಾನ್ಯ ದಿನಗಳಲ್ಲಿ ಆವಿಯಾಗುವುದು 3ರಿಂದ 6 ಮಿ.ಮೀ. ಬಿಸಿಲು, ಒಣಗಾಳಿ ಎರಡೂ ಜೋರಾಗಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಅಂದಾಜು ಸಾಲದು. ಒಂದು ಬಕೆಟ್‌ಗೆ ಪೂಲ್ ನೀರನ್ನೇ ತುಂಬಿ ಮೆಟ್ಟಿಲ ಮೇಲಿಡಿ. ಬಕೆಟ್ ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟದಲ್ಲಿರಲಿ. ತೇಲುವ ಹಾಗಿದ್ದರೆ ಒಳಗೆ ಒಂದು ಕಲ್ಲು ಹಾಕಿ. ಒಳಗೊಂದು, ಹೊರಗೊಂದು ಗೆರೆ ಎಳೆಯಿರಿ. ನೀರು ತಾನಾಗಿ ತುಂಬುವ ವ್ಯವಸ್ಥೆ ಇದ್ದರೆ ಅದರ ವಾಲ್ವ್ ಮುಚ್ಚಿ. ಯಾರೂ ಈಜಬಾರದು. ಮಳೆ ಬಂದರೆ ಆ ದಿನದ ಅಳತೆ ಬಿಟ್ಟುಬಿಡಿ. 24 ಗಂಟೆ ಬಿಟ್ಟು ನೋಡಿ. ಎರಡೂ ಕಡೆ ಒಂದೇ ಸಮ ಇಳಿದಿದ್ದರೆ ಅದು ಆವಿ, ತಲೆ ಕೆಡಿಸಿಕೊಳ್ಳಬೇಡಿ. ಪೂಲ್ ಕಡೆ ಜಾಸ್ತಿ ಇಳಿದಿದ್ದರೆ ಆ ವ್ಯತ್ಯಾಸವೇ ನಿಮ್ಮ ಸೋರಿಕೆ. 10 ಮೀಟರ್ ಉದ್ದ, 5 ಮೀಟರ್ ಅಗಲದ ಪೂಲ್‌ನಲ್ಲಿ 1 ಮಿ.ಮೀ. ಅಂದರೆ 50 ಲೀಟರ್. ಗೆರೆಯ ಮೇಲೆ ಕಣ್ಣಿಗೆ ಕಾಣದಷ್ಟು ಇಳಿದರೂ ನೀರು ಮಾತ್ರ ಅಷ್ಟು ಹೋಗಿರುತ್ತದೆ.

ಇದೇ ಪರೀಕ್ಷೆಯನ್ನು ಒಂದು ದಿನ ಪಂಪ್ ಆಫ್ ಮಾಡಿ, ಇನ್ನೊಂದು ದಿನ ಆನ್ ಇಟ್ಟು ಮಾಡಿ. ಪಂಪ್ ಓಡುವಾಗ ಜಾಸ್ತಿ ಇಳಿದರೆ ನೀರು ವಾಪಸ್ ಬರುವ ಪೈಪ್‌ಗಳ ಮೇಲೆ ಅನುಮಾನ ಪಡಿ, ಆಗ ಅಲ್ಲಿ ಒತ್ತಡ ಇರುತ್ತದೆ. ನಿಂತಾಗ ಜಾಸ್ತಿ ಇಳಿದರೆ ಪಂಪ್‌ಗೆ ನೀರು ಎಳೆಯುವ ಪೈಪ್ ನೋಡಬೇಕು. ಆ ಪೈಪ್ ತೂತಾಗಿದ್ದರೆ ಪಂಪ್ ಓಡುವಾಗ ಗಾಳಿ ಎಳೆದುಕೊಳ್ಳುತ್ತದೆ, ನೀರು ಹೊರಬರುವ ಬಾಯಲ್ಲಿ ಗುಳ್ಳೆ ಬರುತ್ತಲೇ ಇರುತ್ತದೆ. ಎರಡೂ ದಿನ ಒಂದೇ ಅಳತೆ ಬಂದರೆ ಸೋರಿಕೆ ಹೆಚ್ಚಾಗಿ ತೊಟ್ಟಿಯಲ್ಲೋ ಅದಕ್ಕೆ ಕೂರಿಸಿದ ಭಾಗಗಳಲ್ಲೋ ಇರುತ್ತದೆ. ಹಾಗೇ ಫಿಲ್ಟರ್ ಪಕ್ಕದ ಕೊಳಕು ನೀರಿನ ಪೈಪ್ ತುದಿಯನ್ನೂ ಒಮ್ಮೆ ನೋಡಿ. ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡದಿದ್ದಾಗಲೂ ಅದು ಹನಿಯುತ್ತಿದ್ದರೆ ಫಿಲ್ಟರ್ ವಾಲ್ವ್ ಒಳಗಿನ ಗ್ಯಾಸ್ಕೆಟ್, ಅಂದರೆ ನೀರು ತಡೆಯುವ ರಬ್ಬರ್, ಹೋಗಿದೆ ಅಂತ ಅರ್ಥ. ಅದು ಅರ್ಧ ಗಂಟೆಯ ಕೆಲಸ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ವಿಧಾನ. ಪಂಪ್ ಆಫ್ ಮಾಡಿ, ನೀರು ತುಂಬಿಸುವುದನ್ನು ನಿಲ್ಲಿಸಿ, ಸುಮ್ನೆ ಇಳಿಯಲು ಬಿಡಿ. ದಿನಾ ಬೆಳಗ್ಗೆ ಅದೇ ಹೊತ್ತಿಗೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ. ಗೆರೆಗಳ ನಡುವಿನ ಅಂತರ ಒಂದು ದಿನ ಥಟ್ಟನೆ ಕಿರಿದಾಗುತ್ತದೆ. ನೀರು ಸೋರುವ ಜಾಗಕ್ಕಿಂತ ಕೆಳಗೆ ಬಂದಿದೆ, ಈಗ ಬರೀ ಆವಿ ಹೋಗುತ್ತಿದೆ ಅಂತ ಅದರ ಅರ್ಥ. ಆ ಮಟ್ಟದಲ್ಲಿ ಏನಿದೆ ಅಂತ ಸುತ್ತ ಕಣ್ಣಾಡಿಸಿ. ನೀರಿನ ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿಯಾ? ಪಂಪ್‌ನಿಂದ ನೀರು ವಾಪಸ್ ಬರುವ ರಿಟರ್ನ್ ಬಾಯಿಯಾ? ಲೈಟಾ? ಏನೂ ಇಲ್ಲದಿದ್ದರೆ ಅದೇ ಎತ್ತರದಲ್ಲಿ ಗೋಡೆಯಲ್ಲಿ ಸಣ್ಣ ಬಿರುಕಿರಬಹುದು.

ನನ್ನ ಪೂಲ್‌ನಲ್ಲಿ ನಾಲ್ಕು ಗೆರೆಗಳ ನಡುವೆ ಬೆರಳಗಲ ಜಾಗ ಇತ್ತು. ಐದನೆಯದು ನಾಲ್ಕನೆಯದಕ್ಕೆ ಹೆಚ್ಚುಕಡಿಮೆ ಅಂಟಿಕೊಂಡೇ ಬಂತು. ಲೈಟಿನ ಮೇಲಂಚಿಗಿಂತ ತುಸು ಕೆಳಗೆ. ಮತ್ತೆ ಒಂದು ಗೇಣು ನೀರು ತುಂಬಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಲೈಟ್ ಬಿಚ್ಚಿದೆ. ಲೈಟಿನ ಗೂಡಿನ ಹಿಂದೆ ವೈರ್ ಬರುವ ಪೈಪ್ ಬಾಯಿ ಇರುತ್ತದಲ್ಲ, ಅದರ ಪಕ್ಕ ಸಿರಿಂಜ್‌ನಿಂದ ಎರಡು ಹನಿ ಕೆಂಪು ಬಣ್ಣ ಬಿಟ್ಟೆ. ಬಣ್ಣ ಒಂದು ಕ್ಷಣ ಅಲ್ಲೇ ಮೋಡದ ಹಾಗೆ ನಿಂತಿತು. ಆಮೇಲೆ ದಾರದಷ್ಟು ತೆಳ್ಳಗಾಗಿ ಆ ಪೈಪ್ ಒಳಗೆ ನುಗ್ಗಿತು. ಅಷ್ಟು ದಿನ ಹುಡುಕಿದ್ದು ಕಣ್ಣೆದುರೇ ಕಂಡಾಗ ಆದ ಸಮಾಧಾನ ಹೇಳತೀರದು. ಮಣ್ಣಿನೊಳಗೆ ಆ ಪೈಪ್ ಒಡೆದಿತ್ತು. ಅಗೆಯುವ ಅಗತ್ಯವೇ ಬರಲಿಲ್ಲ. ವೈರ್ ಸುತ್ತ ಪೈಪ್ ಬಾಯಿಗೆ ನೀರಿನಲ್ಲೇ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ತುಂಬಿದೆ, ಸೋರಿಕೆ ನಿಂತಿತು.

ಬಣ್ಣದ ಪರೀಕ್ಷೆಗೆ ತಾಳ್ಮೆ ಬೇಕು. ಪಂಪ್ ನಿಲ್ಲಿಸಿ, ನೀರು ಪೂರ್ತಿ ತಿಳಿಯಾಗಿ ನಿಲ್ಲುವವರೆಗೆ ಕಾಯಿರಿ. ಕೈ ಆಡಿಸಿದರೂ ಬಣ್ಣ ಚೆದುರಿ ಏನೂ ತಿಳಿಯುವುದಿಲ್ಲ. ತಿಂಡಿಗೆ ಹಾಕುವ ಬಣ್ಣ ಸಾಕು. ಸಿರಿಂಜ್ ತುದಿಯನ್ನು ಸಂದಿಯ ಹತ್ತಿರ ಹಿಡಿದು, ಒತ್ತಬೇಡಿ, ಒಂದೊಂದೇ ಹನಿ ಬಿಡಿ. ಚಿಮ್ಮಿಸಿದರೆ ಬಣ್ಣ ತನ್ನ ವೇಗಕ್ಕೇ ಒಳಗೆ ಹೋಗಿ ನಿಮಗೆ ಮೋಸ ಮಾಡುತ್ತದೆ. ಮೊದಲು ಸ್ಕಿಮ್ಮರ್‌ನಿಂದ ಶುರು ಮಾಡಿ. ಅದರ ಪ್ಲಾಸ್ಟಿಕ್, ಗೋಡೆಯ ಕಾಂಕ್ರೀಟ್‌ಗೆ ಸೇರುವ ಅಂಚು ಬಿಟ್ಟುಕೊಳ್ಳುವುದು ತುಂಬ ಸಾಮಾನ್ಯ, ಯಾಕೆಂದರೆ ಬಿಸಿಲಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಆಮೇಲೆ ರಿಟರ್ನ್ ಬಾಯಿಗಳು, ಲೈಟ್, ಮೆಟ್ಟಿಲ ಮೂಲೆಗಳು, ಕೊನೆಗೆ ತಳದ ಮೈನ್ ಡ್ರೈನ್. ಲೈಟ್ ಮುಟ್ಟುವಾಗ ಮಾತ್ರ ಕರೆಂಟ್ ಮೇನ್‌ನಲ್ಲೇ ಆಫ್ ಆಗಿರಲೇಬೇಕು. ಲೈಟಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಧೈರ್ಯ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ, ಇದರಲ್ಲಿ ಸಂಕೋಚ ಬೇಡ.

ನೀರು ಇಳಿಯಲು ಬಿಡಿ ಅಂದೆ, ಪೂರ್ತಿ ಖಾಲಿ ಮಾಡಿ ಅನ್ನಲಿಲ್ಲ. ನಾನು ಮಾಡಿದ್ದು ಎಷ್ಟು ಅಪಾಯ ಅಂತ ಆಮೇಲೆ ಗೊತ್ತಾಯಿತು. ಸುತ್ತಲಿನ ಮಣ್ಣಿನಲ್ಲಿ ನೀರು ತುಂಬಿದ್ದರೆ ಖಾಲಿ ತೊಟ್ಟಿಯನ್ನು ಅದು ಕೆಳಗಿನಿಂದ ಎತ್ತಿಬಿಡಬಹುದು, ಕಾಂಕ್ರೀಟ್ ತೊಟ್ಟಿಯೂ ದೋಣಿಯ ಹಾಗೆ ಮೇಲೇಳುತ್ತದೆ. ವಿನೈಲ್ ಹಾಳೆ ಹಾಸಿದ ಪೂಲ್ ಆದರೆ ನೀರಿಲ್ಲದಾಗ ಹಾಳೆ ಮುದುರಿಕೊಂಡು ಮತ್ತೆ ಸರಿಯಾಗಿ ಕೂರುವುದಿಲ್ಲ. ಕಡಿಮೆ ಆಳದ ಕಡೆ ಒಂದಡಿ ನೀರಾದರೂ ಇರಲಿ. ಅಲ್ಲಿಗೆ ಬಂದರೂ ಇಳಿಯುವುದು ನಿಧಾನವಾಗದಿದ್ದರೆ ತುಂಬಿಸಿಬಿಡಿ, ಮೈನ್ ಡ್ರೈನ್ ಕಡೆ ಬಣ್ಣ ಹಿಡಿದು ನೋಡಿ.

ಪಂಪ್ ಆನ್, ಆಫ್ ಅಳತೆಗಳು ಪೈಪ್ ಕಡೆಗೇ ಬೆರಳು ತೋರಿಸಿದರೆ ಆಗ ಪ್ರೆಷರ್ ಟೆಸ್ಟ್ ಮಾಡುವವರನ್ನು ಕರೆಸಿ. ಎರಡೂ ತುದಿಗೆ ಬಿರಡೆ ಹಾಕಿ, ಒಂದೊಂದೇ ಪೈಪ್‌ಗೆ ನೀರಿನ ಒತ್ತಡ ಕೊಟ್ಟು ಗೇಜ್ ನೋಡುತ್ತಾರೆ. ಮುಳ್ಳು ಇಳಿದ ಪೈಪೇ ಸೋರುವ ಪೈಪ್. ಆಗಲೂ ಆ ಒಂದು ಪೈಪ್ ಇರುವ ಜಾಗ ಮಾತ್ರ ಅಗೆದರೆ ಸಾಕು, ಟೈಲ್ಸ್ ಮುಟ್ಟುವ ಮಾತೇ ಇಲ್ಲ. ಅವರು ಬಂದಾಗ ನಿಮ್ಮ ಎರಡು ದಿನದ ಬಕೆಟ್ ಅಳತೆ ತೋರಿಸಿ, ಯಾವ ಪೈಪ್‌ನಿಂದ ಶುರು ಮಾಡಬೇಕು ಅಂತ ಅವರಿಗೆ ಅದರಲ್ಲೇ ಗೊತ್ತಾಗುತ್ತದೆ.