ದಿನಕ್ಕೊಂದು ಬಗೆಯಲ್ಲಿ ಕೈಕೊಡುವ ಹಳೆ ಡೆಸ್ಕ್‌ಟಾಪ್

ಪ್ರಶ್ನೆ: ಸರ್, ಮಲ್ಪೆಯಲ್ಲಿ ನಮ್ಮದೊಂದು ಬಲೆ, ಹಗ್ಗದ ಅಂಗಡಿ ಉಂಟು. ಲೆಕ್ಕವೆಲ್ಲ 2014ರಲ್ಲಿ ಕೊಂಡ ಐ3 ಡೆಸ್ಕ್‌ಟಾಪ್‌ನಲ್ಲಿ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಮಳೆಗಾಲ ಶುರುವಾದಂದಿನಿಂದ ಅದಕ್ಕೆ ಏನೋ ಆಗಿದೆ. ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಎರಡು ಮೂರು ಸಲ ಆಫ್ ಮಾಡಿ ಹಾಕಿದರೆ ಬರುತ್ತದೆ. ಬಿಲ್ ಮಾಡುವಾಗ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ತಾರೀಕು ಹಿಂದೆ ಹೋಗಿರುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ರಿಪೇರಿಯವರು ಎರಡು ಸಲ ಫಾರ್ಮ್ಯಾಟ್ ಮಾಡಿಕೊಟ್ಟರೂ ಸರಿಯಾಗಲಿಲ್ಲ. ಹೊಸತೇ ತೆಗೆದುಕೊಳ್ಳಬೇಕಾ?
— ಓದುಗರೊಬ್ಬರು, ಮಲ್ಪೆ

ಉತ್ತರ: ಹೊಸತರ ಮಾತು ಆಮೇಲೆ. ಇವತ್ತೇ ಟ್ಯಾಲಿಯ ಡೇಟಾ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿ, ಒಂದನ್ನು ಮನೆಯಲ್ಲಿಡಿ. ಬರೆಯುತ್ತಿರುವಾಗಲೇ ಕರೆಂಟ್ ಕಡಿದುಹೋದರೆ ಲೆಕ್ಕದ ಫೈಲ್ ಕೆಡಬಹುದು.

ಎರಡನೆಯದು ಆ ಜುಮ್ಮೆನ್ನುವುದು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಒಳಗಿನ ಫಿಲ್ಟರ್‌ನಿಂದ ಅತಿ ಸಣ್ಣ ಪ್ರಮಾಣದ ಕರೆಂಟ್ ಅರ್ತ್‌ಗೆ ಹರಿಯುವುದು ಸಹಜ. ಅರ್ತ್ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ನಲ್ಲೇ ಉಳಿದು ನಿಮ್ಮ ಕೈಗೆ ತಾಗುತ್ತದೆ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಹಿಂದೆ ಅರ್ತ್ ವಯರ್ ಇರುತ್ತದೆಂದು ನಂಬಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅಲ್ಲಿಯವರೆಗೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಯಾರೂ ಅದನ್ನು ಮುಟ್ಟಬಾರದು. ಅಂಗಡಿಯಲ್ಲಿ ಮಕ್ಕಳು ಓಡಾಡುತ್ತಿದ್ದರೆ ಇದನ್ನು ನಾಳೆಗೆ ಹಾಕಲೇಬೇಡಿ.

ಇನ್ನು ರೋಗದ ವಿಷಯ. ವಿಂಡೋಸ್ ಅಥವಾ ಟ್ಯಾಲಿಯ ತೊಂದರೆಯಾದರೆ ಸಾಮಾನ್ಯವಾಗಿ ಒಂದೇ ಕೆಲಸ ಮಾಡುವಾಗ ಒಂದೇ ಬಗೆಯಲ್ಲಿ ಕಾಣಿಸುತ್ತದೆ. ನಿಮ್ಮದು ವಿಂಡೋಸ್ ತೆರೆಯುವ ಮೊದಲೇ ತಕರಾರು ಮಾಡುತ್ತಿದೆ, ಎರಡು ಫಾರ್ಮ್ಯಾಟ್ ಆದರೂ ಬದಲಾಗಿಲ್ಲ. ಹಾಗಾಗಿ ಮೂರನೆಯ ಸಲ ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಕಡಲ ಬದಿಯ ಉಪ್ಪುಗಾಳಿಯಲ್ಲಿ ಹನ್ನೊಂದು ಹನ್ನೆರಡು ವರ್ಷ ನಿಂತ ಯಂತ್ರವೆಂದರೆ ನನ್ನ ಸಂಶಯ ಮೊದಲು ಹೋಗುವುದು ಮೆಮೊರಿ ಪಟ್ಟಿಯ, ಅಂದರೆ ರ‍್ಯಾಮ್‌ನ ಕಾಂಟ್ಯಾಕ್ಟ್ ಮತ್ತು ಎಸ್‌ಎಂಪಿಎಸ್ ಮೇಲೆ.

ತಾರೀಕು ಹಿಂದೆ ಹೋಗುವುದು ಬೇರೆಯೇ ಕತೆ. ಅದು ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್, ಸಿಆರ್ 2032. ಹೊಸತರಲ್ಲಿ 3 ವೋಲ್ಟ್ ಇರುತ್ತದೆ, ಕಡಿಮೆ ದುಡ್ಡಿಗೆ ಸಿಗುತ್ತದೆ, ಹಾಕಿಸಿಬಿಡಿ. ಇಲ್ಲದಿದ್ದರೆ ಬಿಲ್ಲಿಗೂ ತಪ್ಪು ತಾರೀಕು ಬೀಳುತ್ತದೆ. ಆದರೆ ಆ ಸೆಲ್‌ನಿಂದ ನಡುವೆ ರೀಸ್ಟಾರ್ಟ್ ಆಗುವುದಿಲ್ಲ.

ಡಿಸ್‌ಪ್ಲೇ ಬಾರದ್ದಕ್ಕೆ ರ‍್ಯಾಮ್ ನೋಡಿ. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಒರಸಿ, ಒಣಗಿದ ಮೇಲೆ ಒಂದನ್ನೇ ಹಾಕಿ ನಡೆಸಿ. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಓಡಲು ಬಿಡಿ. ಅದರಲ್ಲಿ ಒಂದೇ ಒಂದು ಎರರ್ ಬಂದರೂ ಲೆಕ್ಕದ ಯಂತ್ರಕ್ಕೆ ಅದು ಬೇಡ. ಅದೇ ರ‍್ಯಾಮ್ ಇನ್ನೊಂದು ಸ್ಲಾಟ್‌ನಲ್ಲೂ ಎರರ್ ತೋರಿಸಿದರೆ ರ‍್ಯಾಮ್ ಹಾಳು. ಒಂದು ಸ್ಲಾಟ್‌ನಲ್ಲಿ ಮಾತ್ರ ಎರಡೂ ಪಟ್ಟಿಗಳು ಎರರ್ ಕೊಟ್ಟರೆ ಬೋರ್ಡ್ ಹಾಳು.

ಬೆಳಿಗ್ಗೆ ತಣ್ಣಗಿರುವಾಗ ಹಟ, ಬಿಸಿಯಾದ ಮೇಲೆ ಸಲೀಸು ಎಂಬುದು ಎಸ್‌ಎಂಪಿಎಸ್‌ಗೂ ಬೆರಳು ತೋರಿಸುತ್ತದೆ. ಅದರೊಳಗಿನ, ಕರೆಂಟ್ ಹಿಡಿದಿಡುವ ಕೆಪ್ಯಾಸಿಟರ್‌ಗಳ ದ್ರವ ವರ್ಷಗಳಲ್ಲಿ ಒಣಗುತ್ತದೆ. ಒಣಗಿದ ಕೆಪ್ಯಾಸಿಟರ್ ತಂಪಿನಲ್ಲಿ ಇನ್ನೂ ಬಡವಾಗುತ್ತದೆ. ಎಸ್‌ಎಂಪಿಎಸ್‌ನ ಹಳದಿ ವಯರ್ ಮತ್ತು ಕಪ್ಪು ವಯರ್ ನಡುವೆ ಮಲ್ಟಿಮೀಟರ್ 11.4ರಿಂದ 12.6 ವೋಲ್ಟ್ ಒಳಗೆ ತೋರಿಸಬೇಕು. ತೋರಿಸಿದರೂ ಅದು ಪೂರ್ತಿ ಖಾತ್ರಿಯಲ್ಲ, ಏಕೆಂದರೆ ಕ್ಷಣಮಾತ್ರದ ಕುಸಿತವನ್ನು ಮೀಟರ್ ಹಿಡಿಯುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಒಂದು ವಾರ ನೋಡುವುದೇ ನಿಜವಾದ ಪರೀಕ್ಷೆ. ಪರಿಚಯದ ರಿಪೇರಿಯವರು ಕೊಟ್ಟಾರು, ಕೇಳಿ. ಹಳೆಯದನ್ನು ಬಿಚ್ಚಲು ಮಾತ್ರ ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ವಿಂಡೋಸ್‌ನ ದಾಖಲೆ ಪಟ್ಟಿಯಾದ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್–ಪವರ್ 41’ ಎಂದು ಕಂಡರೆ ಅದನ್ನೇ ತೀರ್ಪು ಎಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತು ಎಂದಷ್ಟೇ ಅದು ಹೇಳುವುದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಾರೀಕು ಹಾಕಿ ಬರೆದಿಡಿ. ರ‍್ಯಾಮ್, ಎಸ್‌ಎಂಪಿಎಸ್ ಎರಡನ್ನೂ ಒಟ್ಟಿಗೆ ಬದಲಿಸಿ ಸರಿಯಾದರೆ ಯಾವುದು ಕೆಟ್ಟಿತ್ತೆಂದು ಗೊತ್ತಾಗದೆ ಚೆನ್ನಾಗಿರುವುದನ್ನೂ ಎಸೆಯುತ್ತೀರಿ.

ಹಾರ್ಡ್‌ಡಿಸ್ಕನ್ನೂ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ ನೋಡಿ. ಸಿ5 (ಓದಲು ತಕರಾರು ಮಾಡುವ ಜಾಗಗಳ ಎಣಿಕೆ) ಸಾಲಿನ ಕೊನೆಯ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದರೆ ಡಿಸ್ಕ್ ನಂಬಬೇಡಿ. ಸಿ7 (ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ) ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ನ ದೋಷ.

ಖರ್ಚಿಗೆ ಒಂದು ಗೆರೆ ಹಾಕಿಕೊಳ್ಳಿ. ಸೆಲ್, ಕೇಬಲ್, ಎಸ್‌ಎಂಪಿಎಸ್, ಬೇಕಾದರೆ ಹಾರ್ಡ್‌ಡಿಸ್ಕ್ ಬದಲಿಗೆ ಎಸ್‌ಎಸ್‌ಡಿವರೆಗೆ ಹಾಕಬಹುದು. ಎಸ್‌ಎಸ್‌ಡಿ ಮುಂದಿನ ಕಂಪ್ಯೂಟರಿಗೂ ಆಗುತ್ತದೆ. ಬೋರ್ಡೇ ಹೋಗಿದ್ದರೆ ಅದೇ ಮಾದರಿಯ ಹಳೆಯ ಬೋರ್ಡ್ ಹುಡುಕಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 2014ರ ಪ್ರೊಸೆಸರ್‌ಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ಆಗ ಹೊಸತೇ ಸರಿ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಡಿಸ್ಕ್ ತೆಗೆದು ನೀವೇ ಇಟ್ಟುಕೊಳ್ಳಿ, ಅದರಲ್ಲಿ ಗಿರಾಕಿಗಳ ಬಾಕಿ ಲೆಕ್ಕವೆಲ್ಲ ಉಂಟಲ್ಲ.